ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಯಾರಿಗೆ? ಮಸ್ಟರ್ ಬರೆದವಳು ಹೇಳುವ ಮಾತು

ಮೊದಲು ಉತ್ತರ ಹೇಳಿಬಿಡುತ್ತೇನೆ. ಮಸ್ಟರ್‌ನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ನಿಮ್ಮ ಹೆಸರು ಇಲ್ಲದಿದ್ದರೂ ಪರಿಹಾರ ಕೇಳಬಹುದು. ನಿಮ್ಮ ಕೈತಪ್ಪಿನಿಂದಲೇ ಪೆಟ್ಟಾಗಿದ್ದರೂ ಕೇಳಬಹುದು. ಗುತ್ತೇದಾರನ ಕೈಕೆಳಗೆ ದುಡಿಯುತ್ತಿದ್ದರೂ ಕೇಳಬಹುದು. ಕೆಲಸಕ್ಕೆ ಹೋದ ಮೊದಲನೇ ದಿನವೇ ಬೆರಳು ಹೋಗಿದ್ದರೂ ಕೇಳಬಹುದು.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಬಹಳ ವರ್ಷ ಮಸ್ಟರ್ ಮತ್ತು ಪಗಾರದ ಲೆಕ್ಕ ಬರೆದವಳು. ಈಗ ಆ ಕೆಲಸ ಬಿಟ್ಟಿದ್ದೇನೆ. ಭಾನುವಾರ ಅನಗೋಳದ ನಮ್ಮ ಮನೆಗೆ ಯಾರಾದರೂ ಕಾಗದ ಹಿಡಿದುಕೊಂಡು ಬರುತ್ತಾರೆ. ಫೌಂಡ್ರಿಯವರು, ಮಚ್ಛೆ ಕಡೆಯ ಹುಡುಗರು, ವಡಗಾವಿಯ ನೇಕಾರರು. ಎಲ್ಲರೂ ಮೊದಲು ಕೇಳುವುದು ಒಂದೇ: "ಅಕ್ಕಾರ, ನಮ್ಮ ಹೆಸರ ಮಸ್ಟರ್‌ದಾಗ ಇಲ್ರಿ. ನಮಗೇನರ ಸಿಗ್ತೈತೇನ್ರಿ?" ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದವನಿಗೆ ತನ್ನ ಹಕ್ಕಿನ ಬಗ್ಗೆಯೇ ಅನುಮಾನ ಇರುತ್ತದೆ. ಆ ಅನುಮಾನ ಹೋಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ವಕೀಲೆ ಅಲ್ಲ. ಆದರೆ ಈ ಕಾಗದಗಳು ಹೇಗೆ ಹುಟ್ಟುತ್ತವೆ, ಹೇಗೆ ಮಾಯವಾಗುತ್ತವೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ಇಎಸ್‌ಐ ಇದೆಯಾ ಇಲ್ಲವಾ, ಮೊದಲು ನೋಡಿ

ದಾರಿ ಎರಡು. ನಿಮಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದ್ದರೆ ಪರಿಹಾರ ಇಎಸ್‌ಐ ನಿಗಮದಿಂದ ಬರುತ್ತದೆ. ಇಲ್ಲದಿದ್ದರೆ ಮಾಲಕರಿಂದ ಬರಬೇಕು. ಒಂದೇ ಗಾಯಕ್ಕೆ ಎರಡೂ ಕಡೆ ಸಿಗುವುದಿಲ್ಲ.

ಹತ್ತು ಅಥವಾ ಜಾಸ್ತಿ ಮಂದಿ ಇರುವ ಕಾರ್ಖಾನೆಯಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರಿಗೆ ಇಎಸ್‌ಐ ಆಗುತ್ತದೆ. ನಿಮ್ಮ ಪಗಾರದಿಂದ ಶೇ. 0.75 ಕಟ್ ಆಗುತ್ತದೆ, ಮಾಲಕರು ಶೇ. 3.25 ಸೇರಿಸಿ ಕಟ್ಟುತ್ತಾರೆ. ಜ್ವರ, ಕಾಯಿಲೆ ಬಂದು ರಜೆ ಹಾಕಿದರೆ ಸಿಗುವ ಹಣಕ್ಕೆ ಇಷ್ಟು ದಿನ ಚಂದಾ ಕಟ್ಟಿರಬೇಕು ಅಂತ ನಿಯಮ ಇದೆ. ಕೆಲಸದಲ್ಲಿ ಆದ ಗಾಯಕ್ಕೆ ಆ ನಿಯಮ ಇಲ್ಲ. ಸೇರಿದ ದಿನದಿಂದಲೇ ಹಕ್ಕು. ಗಾಯ ಮಾಯುವವರೆಗೆ ಪಗಾರದ ಸುಮಾರು ಶೇ. 90 ಸಿಗುತ್ತದೆ. ಅಂಗ ಊನವಾದರೆ ಮೆಡಿಕಲ್ ಬೋರ್ಡ್ ಎಷ್ಟು ಶೇಕಡಾ ಅಂತ ಹೇಳುತ್ತದೆ, ಅದರ ಪ್ರಕಾರ ಜೀವಮಾನವಿಡೀ ಹಣ ಬರುತ್ತದೆ. ಸತ್ತರೆ ಅವಲಂಬಿತರಿಗೆ ತಿಂಗಳ ಹಣ.

ಚಂದಾ ಹಿಡಿದುಕೊಂಡು ಮಾಲಕರು ಕಟ್ಟದೇ ಇದ್ದರೆ? ಆ ತಪ್ಪು ಅವರದು. ನಿಗಮ ನಿಮಗೆ ಕೊಟ್ಟು ಅವರಿಂದ ವಸೂಲಿ ಮಾಡುತ್ತದೆ. ನೀವು ಖಾತ್ರಿ ಮಾಡಿಕೊಳ್ಳಬೇಕಾದದ್ದು ಒಂದೇ: ಅಪಘಾತದ ವರದಿ, ಅಂದರೆ ನಮೂನೆ 12, ನಿಗಮಕ್ಕೆ ಹೋಯಿತಾ ಇಲ್ಲವಾ. ಅಶೋಕ ನಗರದ ಇಎಸ್‌ಐ ಆಸ್ಪತ್ರೆಗೆ ಹೋಗಿ ಔಷಧಿ ತಂದರೆ ಸಾಲದು. ಆ ವರದಿ ಇಲ್ಲದಿದ್ದರೆ ನಿಮ್ಮ ಗಾಯ ಅಲ್ಲಿ ಸುಮ್ನೆ ಒಂದು ಗಾಯ, ಅಷ್ಟೇ. ಕೆಲಸದ ಗಾಯ ಅಂತ ಲೆಕ್ಕಕ್ಕೆ ಬರುವುದಿಲ್ಲ.

ಇಎಸ್‌ಐ ಇಲ್ಲದವರ ವಿಷಯವೇ ನಮ್ಮ ಕಡೆ ದೊಡ್ಡದು. ನಾಲ್ಕು ಮಗ್ಗದ ಶೆಡ್, ಆರು ಮಂದಿಯ ಪ್ರೆಸ್ ಶಾಪ್, ಇಟ್ಟಂಗಿ ಭಟ್ಟಿ, ಕಬ್ಬಿನ ಟ್ರ್ಯಾಕ್ಟರ್. ಇಲ್ಲಿಂದ ಮುಂದೆ ಅವರಿಗಾಗಿಯೇ ಬರೆಯುತ್ತೇನೆ.

ಇವರಿಗೆ ಇಷ್ಟು ವರ್ಷ ಇದ್ದದ್ದು 1923ರ ಕಾಯ್ದೆ. 2010ರಿಂದ ಅದರ ಹೆಸರು ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದೆ, ನೌಕರರ ಪರಿಹಾರ ಅದರ 7ನೇ ಅಧ್ಯಾಯಕ್ಕೆ ಹೋಗಿದೆ. ಅದಕ್ಕೂ ಮೊದಲು ಆದ ಅಪಘಾತ ಹಳೇ ಕಾಯ್ದೆಯಡಿ ನಡೆಯುತ್ತದೆ. ಯಾರಿಗೆ ಹಕ್ಕು, ಹಣದ ಲೆಕ್ಕ ಹೇಗೆ ಅನ್ನುವ ತಿರುಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೂ ಯಾವ ಕಾನೂನು ಅನ್ನುವುದು ತಾರೀಖಿನ ಮೇಲೆ ನಿಂತಿದೆ, ಅರ್ಜಿ ಬರೆಸುವಾಗ ಅಪಘಾತದ ತಾರೀಖನ್ನು ಸರಿಯಾಗಿ ಹೇಳಿ.

ಹಕ್ಕು ಬರುವುದು ಹೇಗೆ

ಎರಡು ಸಂಗತಿ ತೋರಿಸಬೇಕು. ಒಂದು, ಅವರು ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಎರಡು, ಆ ಕೆಲಸ ಮಾಡುವಾಗ, ಆ ಕೆಲಸದ ಕಾರಣದಿಂದ ಪೆಟ್ಟಾಯಿತು. ಯಾರ ತಪ್ಪು ಅನ್ನುವ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ನಿದ್ದೆಗಣ್ಣಿನಲ್ಲಿ ಕೈ ಒಳಗೆ ಹೋಯಿತು ಅಂದರೂ ಪರಿಹಾರ ಕೊಡಬೇಕು.

ಇಟ್ಟುಕೊಂಡಿದ್ದರು ಅನ್ನುವುದಕ್ಕೆ ನೇಮಕದ ಪತ್ರ ಬೇಕಿಲ್ಲ. ದಿನಗೂಲಿ ಆದರೂ ಸರಿ, ತುಂಡು ಲೆಕ್ಕದ ಕೂಲಿ ಆದರೂ ಸರಿ. ಬಾಯಿಮಾತಿನ ಒಪ್ಪಂದ ಸಾಕು. ಗುತ್ತೇದಾರ ಕರೆತಂದಿದ್ದರೆ, ಯಾರ ಜಾಗದಲ್ಲಿ ಯಾರ ವ್ಯಾಪಾರಕ್ಕಾಗಿ ಕೆಲಸ ನಡೆಯುತ್ತಿತ್ತೋ ಆ ಮೂಲ ಮಾಲಕರೇ ಪರಿಹಾರ ಕೊಡಬೇಕು. ಅವರು ಬೇಕಾದರೆ ಆಮೇಲೆ ಗುತ್ತೇದಾರನಿಂದ ವಸೂಲಿ ಮಾಡಿಕೊಳ್ಳಲಿ. "ನಾ ಯಾರಂತ ನಿನಗ ಗೊತ್ತಿಲ್ಲ, ಗುತ್ತೇದಾರನ್ನ ಕೇಳು" ಅಂತ ಗೇಟಿನಲ್ಲಿ ಹೇಳಿದರೆ ಹೆದರಬೇಡಿ. ಅರ್ಜಿಯಲ್ಲಿ ಇಬ್ಬರ ಹೆಸರನ್ನೂ ಹಾಕಿ.

ಯಾವ ಯಾವ ಕೆಲಸ ಬರುತ್ತದೆ ಅನ್ನುವುದಕ್ಕೆ ಕಾನೂನಿನಲ್ಲಿ ಉದ್ದ ಪಟ್ಟಿ ಇದೆ. ನಮ್ಮ ಭಾಗಕ್ಕೆ ಬೇಕಾದದ್ದನ್ನು ಹೇಳುತ್ತೇನೆ. ಕರೆಂಟ್ ಬಳಸಿ ವಸ್ತು ತಯಾರಿಸುವ ಯಾವ ಜಾಗವೂ ಬರುತ್ತದೆ, ಅಂದರೆ ರಬಕವಿ-ಬನಹಟ್ಟಿಯ ಪಾವರ್‌ಲೂಮ್ ಶೆಡ್ ಕೂಡ. ಇಳಕಲ್ ಸುತ್ತಲಿನ ಗ್ರಾನೈಟ್ ಕ್ವಾರಿ ಬರುತ್ತದೆ. ಒಂದಕ್ಕಿಂತ ಜಾಸ್ತಿ ಅಂತಸ್ತಿನ, ಅಥವಾ 12 ಅಡಿ ಮತ್ತು ಅದಕ್ಕೂ ಎತ್ತರದ ಕಟ್ಟಡದ ಕೆಲಸ ಬರುತ್ತದೆ. ಬಾವಿ ತೋಡುವುದು, ಬೋರ್ ಹೊಡೆಯುವುದು ಬರುತ್ತದೆ. ವಾಹನದ ಡ್ರೈವರ್, ಕ್ಲೀನರ್, ಜೊತೆಗೆ ವಾಹನಕ್ಕೆ ಮಾಲು ಹೇರುವವರು, ಇಳಿಸುವವರು ಎಲ್ಲರೂ ಬರುತ್ತಾರೆ.

ಹೊಲದ ಕೆಲಸಕ್ಕೆ ಬಂದರೆ ಸ್ವಲ್ಪ ಎಚ್ಚರ ಬೇಕು. ಬರೀ ಕೈಯಿಂದ ಮಾಡುವ ಕೆಲಸ ಪಟ್ಟಿಯಲ್ಲಿ ನೇರವಾಗಿ ಇಲ್ಲ. ಆದರೆ ಟ್ರ್ಯಾಕ್ಟರ್‌ನಿಂದ, ಯಂತ್ರದಿಂದ, ಕರೆಂಟಿನಿಂದ ಮಾಡುವ ಕೃಷಿ ಇದೆ. ಯಂತ್ರದಿಂದ ಕೊಯ್ಲು, ರಾಶಿ ಮಾಡುವುದು ಇದೆ. ಕೀಟನಾಶಕ ಹೊಡೆಯುವ ಕೆಲಸವೂ ಇದೆ. ವಿಜಯಪುರ, ತಿಕೋಟಾ ಕಡೆ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವಾಗ ತಲೆಸುತ್ತು ಬಂದು ಬಿದ್ದವರನ್ನು "ಹೊಲದ ಕೆಲಸಕ್ಕೆ ಪರಿಹಾರ ಇಲ್ಲ" ಅಂತ ವಾಪಸ್ ಕಳಿಸುತ್ತಾರೆ. ಆ ಮಾತು ಸುಳ್ಳು. ಹಾಗೆಯೇ ಕಬ್ಬು ಕಡಿಯುವ ಗ್ಯಾಂಗಿನವರು ಟ್ರ್ಯಾಕ್ಟರ್‌ಗೆ ಕಬ್ಬು ಹೇರುವಾಗ ಬಿದ್ದರೆ ವಾಹನಕ್ಕೆ ಮಾಲು ಹೇರುವವರ ಲೆಕ್ಕದಲ್ಲಿ ಕೇಳಬಹುದು. ಆದ್ದರಿಂದ ಅರ್ಜಿಯಲ್ಲಿ "ಕೂಲಿ ಕೆಲಸ" ಅಂತ ಬರೆದು ಬಿಡಬೇಡಿ. ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಅನ್ನುವುದನ್ನು ಬರೆಯಿರಿ.

ಇನ್ನು ಕೆಲಸದ ದಾರಿಯಲ್ಲಿ ಆಗುವ ಅಪಘಾತ. 2025ರ ಜುಲೈ 29ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯ ಕಾವಲುಗಾರ ಬೆಳಗಿನ ಜಾವ 3 ಗಂಟೆಯ ಪಾಳಿಗೆ ಮೋಟರ್‌ಸೈಕಲ್ ಮೇಲೆ ಹೊರಟಿದ್ದರು. ಕಾರ್ಖಾನೆ ಇನ್ನೂ ಐದು ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ತೀರಿಕೊಂಡರು. ಅದು 2003ರ ಮಾತು. ಹೊತ್ತು, ಜಾಗ, ಸಂದರ್ಭ ಮೂರೂ ಕೆಲಸಕ್ಕೆ ತಾಳೆಯಾಗುತ್ತವೆ, ಆದ್ದರಿಂದ ಇದು ಕೆಲಸದ ಅಪಘಾತವೇ ಅಂತ ಕೋರ್ಟ್ ಹೇಳಿತು. ಹೊಸ ಸಂಹಿತೆಯಲ್ಲೂ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವ ದಾರಿಯನ್ನು ಇದೇ ಷರತ್ತಿನ ಮೇಲೆ ಸೇರಿಸಿದ್ದಾರೆ. ರಾತ್ರಿ ಪಾಳಿ ಮುಗಿಸಿ ಹೊರಟವರು ನಡುವೆ ಎಲ್ಲೋ ಬೇರೆ ಕೆಲಸಕ್ಕೆ ತಿರುಗಿ ಹೋದರೆ ಈ ತಾಳೆ ತಪ್ಪಬಹುದು.

ಕಾಯಿಲೆಯೂ ಬರುತ್ತದೆ, ಇದು ಬಹಳ ಮಂದಿಗೆ ಗೊತ್ತಿಲ್ಲ. ಫೌಂಡ್ರಿ, ಕ್ವಾರಿಯ ಧೂಳಿನಿಂದ ಬರುವ ಸಿಲಿಕೋಸಿಸ್, ಮಗ್ಗದ ಹತ್ತಿಧೂಳಿನಿಂದ ಬರುವ ಬಿಸಿನೋಸಿಸ್, ಕಬ್ಬಿನ ಸಿಪ್ಪೆಯ ಧೂಳಿನಿಂದ ಬರುವ ಬಗಾಸೋಸಿಸ್. ಮೂರೂ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿವೆ. ಎದೆ ಕಟ್ಟುತ್ತದೆ ಅಂತ ಡಾಕ್ಟರ್ ಹತ್ತಿರ ಹೋದಾಗ ಎಷ್ಟು ವರ್ಷದಿಂದ ಏನು ಕೆಲಸ ಮಾಡುತ್ತಿದ್ದೀರಿ ಅನ್ನುವುದನ್ನು ಕೇಸ್ ಪೇಪರ್ ಮೇಲೆ ಬರೆಸಿ. ಹೃದಯಾಘಾತದ ವಿಷಯ ಕಷ್ಟದ್ದು. ಕೆಲಸದ ಜಾಗದಲ್ಲಿ ಆಯಿತು ಅಂದರಷ್ಟೇ ಸಾಲದು, ಕೆಲಸದ ಒತ್ತಡಕ್ಕೂ ಅದಕ್ಕೂ ನಂಟು ತೋರಿಸಬೇಕು.

ಯಾವಾಗ ಸಿಗುವುದಿಲ್ಲ

ಮೂರು ದಿನಕ್ಕಿಂತ ಜಾಸ್ತಿ ದುಡಿಯಲಾಗದಂತೆ ಮಾಡದ ಸಣ್ಣ ಗಾಯಕ್ಕೆ ಪರಿಹಾರ ಇಲ್ಲ. ಕುಡಿದು ಅಥವಾ ಅಮಲಿನಲ್ಲಿದ್ದು ಅದರಿಂದಲೇ ಪೆಟ್ಟಾದರೆ, ಸುರಕ್ಷತೆಗೆ ಅಂತ ಹೇಳಿದ ಆದೇಶವನ್ನು ಬೇಕಂತಲೇ ಮೀರಿದರೆ, ಮಷಿನ್‌ಗೆ ಇದ್ದ ಗಾರ್ಡ್ (ಪೆಟ್ಟಾಗದಂತೆ ತಡೆಯುವ ವ್ಯವಸ್ಥೆ) ಬೇಕಂತಲೇ ತೆಗೆದರೆ ಇಲ್ಲ. ಆದರೆ ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆ ಆಗಿದ್ದರೆ ಈ ಮೂರು ಕಾರಣ ಹೇಳಿ ಮಾಲಕರು ತಪ್ಪಿಸಿಕೊಳ್ಳಲು ಬರುವುದಿಲ್ಲ.

ಗಾರ್ಡ್ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿ ಹೇಳಬೇಕು. ಪಾವರ್ ಪ್ರೆಸ್‌ಗೆ ಎರಡೂ ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಇಳಿಯುವ ವ್ಯವಸ್ಥೆ ಇರುತ್ತದೆ. ಎರಡೂ ಕೈ ಹೊರಗೆ ಇರಲಿ ಅಂತ. ಮಾಲು ಬೇಗ ಬೀಳಬೇಕು ಅಂತ ಅದನ್ನು ತಪ್ಪಿಸಿ ಕಾಲಿನ ಪೆಡಲ್ ಮೇಲೆ ಓಡಿಸುತ್ತಾರೆ. ಹಾಗೆ ಮಾಡಿಸಿದ್ದು ಸುಪರ್‌ವೈಸರ್. ಬೆರಳು ಹೋದ ಮೇಲೆ "ಗಾರ್ಡ್ ತೆಗೆದವನು ಅವನೇ" ಅನ್ನುತ್ತಾರೆ. ದಿನಾ ಎಲ್ಲರ ಕಣ್ಣೆದುರು ಹಾಗೆ ಓಡುತ್ತಿದ್ದ ಮಷಿನ್ ಮೇಲೆ ಕೂತವನು ಬೇಕಂತಲೇ ತೆಗೆದ ಹಾಗೆ ಆಗುವುದಿಲ್ಲ. ಗೆಳೆಯರಿಗೆ ಹೇಳಿ ಮಷಿನ್‌ನ ಫೋಟೋ ಆ ದಿನವೇ ತೆಗೆಸಿ. ಒಂದು ವಾರ ಬಿಟ್ಟು ಹೋದರೆ ಅಲ್ಲಿ ಹೊಸ ಗಾರ್ಡ್ ಕೂತಿರುತ್ತದೆ.

ಮೊದಲ ರಾತ್ರಿ ಆಸ್ಪತ್ರೆಯಲ್ಲಿ ಏನು ಬರೆಸುತ್ತೀರಿ

ಇಡೀ ಕೇಸಿನ ಭಾರ ಇಲ್ಲೇ ಬೀಳುತ್ತದೆ. ನಾನು ಕೆಲಸ ಮಾಡುತ್ತಿದ್ದ ಜಾಗದಲ್ಲಿ ಒಬ್ಬ ಹೆಲ್ಪರ್ ಹುಡುಗನಿಗೆ ರಾತ್ರಿ ಪಾಳಿಯಲ್ಲಿ ಎರಡು ಬೆರಳು ಹೋದವು. ಆಸ್ಪತ್ರೆಗೆ ಕರೆದುಕೊಂಡು ಹೋದವರು ಬೈಕಿನ ಚೈನಿಗೆ ಸಿಕ್ಕಿತು ಅಂತ ಹೇಳಿಸಿದರು. ಹುಡುಗ ನೋವಿನಲ್ಲಿ ಹೂಂ ಅಂದ. ಮರುದಿನ ಆ ಕೇಸ್ ಪೇಪರ್‌ನ ಪ್ರತಿ ಬಿಲ್ ಜೊತೆ ನನ್ನ ಟೇಬಲ್‌ಗೆ ಬಂತು. ಆ ಒಂದು ಸಾಲು ಅಳಿಸಲು ಅವನ ಮನೆಯವರು ಪಟ್ಟ ಕಷ್ಟ ನಾನು ನೋಡಿದ್ದೇನೆ. ಕೊನೆಗೆ ಜೊತೆಗಾರರು ಬಂದು ಸಾಕ್ಷಿ ಹೇಳಿದ್ದಕ್ಕೆ ಕೇಸ್ ನಿಂತಿತು.

ಸರ್ಕಾರಿ ಬಿಮ್ಸ್ ಆಸ್ಪತ್ರೆ ಆಗಲಿ, ಖಾಸಗಿ ಆಗಲಿ, ಕ್ಯಾಜುವಾಲ್ಟಿಯಲ್ಲಿ ಡಾಕ್ಟರ್ "ಹೆಂಗಾತು?" ಅಂತ ಕೇಳುತ್ತಾರೆ. ಆಗ ಮೂರು ಮಾತು ಬಿಡದೆ ಹೇಳಿ: ಕೆಲಸ ಮಾಡುವಾಗ ಆಯಿತು, ಇಂಥ ಜಾಗದಲ್ಲಿ ಆಯಿತು, ಇಷ್ಟು ಹೊತ್ತಿಗೆ ಆಯಿತು. ಬರೆದದ್ದನ್ನು ಓದಿಸಿ ಕೇಳಿ. ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಮಾಡಿಸಿ ಅಂತ ಹೇಳಿ. ಎಂಎಲ್‌ಸಿ ಆದರೆ ಆಸ್ಪತ್ರೆಯಿಂದ ಪೊಲೀಸ್ ಠಾಣೆಗೆ ಮಾಹಿತಿ ಹೋಗುತ್ತದೆ, ನಿಮ್ಮ ಮಾತು ಇನ್ನೊಂದು ಕಡೆಯೂ ದಾಖಲಾಗುತ್ತದೆ. "ಪೊಲೀಸ್ ಲಫಡಾ ಬ್ಯಾಡ, ಬಿಲ್ ನಾವ್ ತುಂಬ್ತೀವಿ" ಅನ್ನುವ ಮಾತು ಇದೇ ಹೊತ್ತಿಗೆ ಬರುತ್ತದೆ. ಬಿಲ್ ತುಂಬುವುದು ಅವರ ಕರ್ತವ್ಯ. ಅದಕ್ಕೆ ಬದಲಾಗಿ ಸುಳ್ಳು ಬರೆಸುವ ಅಗತ್ಯ ಇಲ್ಲ.

ಗಾಯಾಳುವಿಗೆ ಮಾತಾಡಲು ಆಗದಿದ್ದರೆ ಜೊತೆಗೆ ಹೋದ ಹೆಂಡತಿ, ತಮ್ಮ ಯಾರಾದರೂ ಇದನ್ನು ಹೇಳಬೇಕು. ಮನೆಯವರಿಗೆ ಇದನ್ನು ಮೊದಲೇ ತಿಳಿಸಿಟ್ಟಿರಿ.

ಮಸ್ಟರ್‌ನಲ್ಲಿ ಹೆಸರಿಲ್ಲ, ಆಗ?

ಮಸ್ಟರ್ ಅನ್ನುವುದು ಮಾಲಕರ ಪುಸ್ತಕ. ಅದರಲ್ಲಿ ಹೆಸರಿದ್ದರೆ ಒಳ್ಳೆಯ ಸಾಕ್ಷಿ, ಇಲ್ಲದಿದ್ದರೆ ಅಲ್ಲಿಗೆ ಮುಗಿಯಲಿಲ್ಲ. ಸಣ್ಣ ಶಾಪ್‌ಗಳಲ್ಲಿ ಅರ್ಧ ಮಂದಿಯ ಹೆಸರು ಅದರಲ್ಲಿ ಇರುವುದೇ ಇಲ್ಲ. ಅಪಘಾತ ಆದ ಮರುದಿನ ಇಎಸ್‌ಐ ನಂಬರ್ ತೆಗೆಸುವುದನ್ನೂ ನೋಡಿದ್ದೇನೆ. ಹಾಗಿದ್ದರೆ ನಂಬರ್ ಯಾವ ತಾರೀಖಿನದು ಅಂತ ನೋಡಿ ಇಟ್ಟುಕೊಳ್ಳಿ.

ನಿಮ್ಮ ಹತ್ತಿರ ಇರುವ ಸಾಕ್ಷಿ ನಿಮಗೇ ಗೊತ್ತಿರುವುದಿಲ್ಲ. ಪಗಾರ ಫೋನ್‌ಪೇ ಮೇಲೆ ಬಂದಿದ್ದರೆ ಅದು ಸಾಕ್ಷಿ. "ನಾಳೆ ನೈಟ್ ಶಿಫ್ಟ್ ಬಾ" ಅಂತ ಸುಪರ್‌ವೈಸರ್ ಹಾಕಿದ ವಾಟ್ಸ್ಆ್ಯಪ್ ಮೆಸೇಜ್ ಸಾಕ್ಷಿ. ಆಯುಧಪೂಜೆಯ ದಿನ ಮಷಿನ್ ಮುಂದೆ ಎಲ್ಲರೂ ನಿಂತು ತೆಗೆಸಿಕೊಂಡ ಫೋಟೋ ಕೂಡ ಸಾಕ್ಷಿ. ಉಚಲ್ (ಮುಂಗಡ) ಕೊಟ್ಟ ಚೀಟಿ, ಗೇಟ್ ಪಾಸ್, ಓಟಿ ಬರೆದ ನಿಮ್ಮದೇ ಡೈರಿ. ಎಲ್ಲಕ್ಕಿಂತ ದೊಡ್ಡದು ಜೊತೆಗಾರರು. ಅವರಿಗೂ ನೌಕರಿ ಹೋಗುವ ಹೆದರಿಕೆ ಇರುತ್ತದೆ, ಅದನ್ನು ಅರ್ಥ ಮಾಡಿಕೊಳ್ಳಬೇಕು. ಕೆಲಸ ಬಿಟ್ಟು ಹೋದ ಹಳಬರು ಸಿಕ್ಕರೆ ಅವರು ಧೈರ್ಯವಾಗಿ ಹೇಳುತ್ತಾರೆ. ಫೋನ್ ಒಡೆದರೆ, ಕಳೆದರೆ ಮೆಸೇಜ್ ಹೋಗುತ್ತವೆ. ಸ್ಕ್ರೀನ್‌ಶಾಟ್ ತೆಗೆದು ಮನೆಯ ಇನ್ನೊಬ್ಬರ ಫೋನಿಗೆ ಕಳಿಸಿಡಿ.

ನೋಟಿಸ್ ಬರೆಯುವುದು

ಆಸ್ಪತ್ರೆಯಿಂದ ಬಂದ ಕೂಡಲೇ ಮಾಲಕರಿಗೆ ಲಿಖಿತ ನೋಟಿಸ್ ಕೊಡಿ. ವಕೀಲರೇ ಬೇಕು ಅಂತಿಲ್ಲ. ನಾನು ಬರೆದುಕೊಡುವುದು ಹೀಗೆ:

"ನಾನು ನಿಮ್ಮ ಕಾರ್ಖಾನೆಯಲ್ಲಿ ಇಂಥ ತಿಂಗಳಿನಿಂದ ಪ್ರೆಸ್ ಆಪರೇಟರ್ ಆಗಿ ಕೆಲಸ ಮಾಡುತ್ತಿದ್ದೇನೆ. ತಿಂಗಳ ಪಗಾರ ಇಷ್ಟು. ಇಂಥ ತಾರೀಖು ರಾತ್ರಿ ಪಾಳಿಯಲ್ಲಿ, ಇಷ್ಟು ಗಂಟೆಗೆ, ಇಂಥ ಪ್ರೆಸ್ ಮೇಲೆ ಕೆಲಸ ಮಾಡುವಾಗ ನನ್ನ ಬಲಗೈಯ ಎರಡು ಬೆರಳು ತುಂಡಾದವು. ಆಗ ಇಂಥಿಂಥವರು ಹತ್ತಿರ ಇದ್ದರು. ಇಂಥ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದೇನೆ. ಕಾನೂನಿನ ಪ್ರಕಾರ ಬರಬೇಕಾದ ಪರಿಹಾರ ಮತ್ತು ಚಿಕಿತ್ಸೆಯ ಪೂರ್ತಿ ಖರ್ಚು ಕೊಡಬೇಕು ಎಂದು ಕೇಳಿಕೊಳ್ಳುತ್ತೇನೆ."

ಕೆಳಗೆ ಹೆಸರು, ವಿಳಾಸ, ಸಹಿ, ತಾರೀಖು. ಜೆರಾಕ್ಸ್ ಇಟ್ಟುಕೊಂಡು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ. ಕೈಯಲ್ಲಿ ಕೊಟ್ಟರೆ ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ನೋಟಿಸ್ ಬಂದ ಮೂರು ದಿನದೊಳಗೆ ಮಾಲಕರು ತಮ್ಮ ಖರ್ಚಿನಲ್ಲಿ ಡಾಕ್ಟರ್ ಹತ್ತಿರ ಪರೀಕ್ಷೆಗೆ ಕರೆದರೆ ಹೋಗಿ. ಸುಮ್ನೆ ನಿರಾಕರಿಸಿದರೆ ಪರಿಹಾರದ ಹಕ್ಕಿಗೆ ತಡೆ ಬೀಳುತ್ತದೆ.

ನೋಟಿಸ್ ಕೊಡಲು ತಡವಾಯಿತು ಅಂತ ಕೈಬಿಡಬೇಡಿ, ತಡಕ್ಕೆ ಸರಿಯಾದ ಕಾರಣ ಇದ್ದರೆ ಒಪ್ಪುತ್ತಾರೆ. ಆದರೆ ಪರಿಹಾರದ ಅರ್ಜಿಯನ್ನು ಅಪಘಾತದಿಂದ ಎರಡು ವರ್ಷದೊಳಗೆ ಹಾಕಿಬಿಡಿ. "ಇವತ್ತು ಕೊಡ್ತೀವಿ, ದೀಪಾವಳಿಗೆ ಕೊಡ್ತೀವಿ" ಅಂತ ದಿನ ದೂಡುವುದು ಈ ಎರಡು ವರ್ಷ ಕಳೆಯಲಿ ಅಂತಲೇ.

ಎಷ್ಟು ಬರುತ್ತದೆ

ಲೆಕ್ಕ ಕಷ್ಟದ್ದಲ್ಲ. ಪಗಾರ, ವಯಸ್ಸು, ಗಾಯದ ಶೇಕಡಾ, ಈ ಮೂರರ ಮೇಲೆ ನಿಂತಿದೆ. ಪ್ರತಿ ವಯಸ್ಸಿಗೂ ಕಾನೂನಿನಲ್ಲಿ ಒಂದು ಗುಣಕ ಇದೆ. 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09. ಸತ್ತರೆ ತಿಂಗಳ ಪಗಾರದ ಶೇ. 50ನ್ನು ಆ ಗುಣಕದಿಂದ ಗುಣಿಸಬೇಕು. ಪೂರ್ಣ ಶಾಶ್ವತ ಅಂಗವಿಕಲತೆಗೆ ಶೇ. 60ನ್ನು ಗುಣಿಸಬೇಕು. ಅಂಗದ ಭಾಗ ಮಾತ್ರ ಹೋದರೆ, ಪೂರ್ಣ ಮೊತ್ತದಲ್ಲಿ ಆ ಗಾಯದ ಶೇಕಡಾ. ಪಗಾರ ಎಷ್ಟೇ ಇದ್ದರೂ ಲೆಕ್ಕಕ್ಕೆ ಹಿಡಿಯುವ ಮಿತಿಯನ್ನು 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿಸಿದರು. ಅದಕ್ಕೂ ಮೊದಲು ಬರೀ 8,000 ಇತ್ತು.

ಬೆರಳುಗಳ ಶೇಕಡಾ ಪಟ್ಟಿಯಲ್ಲೇ ಇದೆ. ಒಂದೇ ಕೈಯ ಎರಡು ಬೆರಳು ಹೋದರೆ 20, ಮೂರು ಹೋದರೆ 30, ನಾಲ್ಕು ಹೋದರೆ 50. ಹೆಬ್ಬೆರಳು ಒಂದೇ ಹೋದರೆ 30. ಇನ್ನೊಂದು ಕಣ್ಣು ಚೆನ್ನಾಗಿದ್ದು ಒಂದು ಕಣ್ಣು ಹೋದರೆ 40.

30 ವರ್ಷದ ಒಬ್ಬರಿಗೆ 14,000 ಪಗಾರ, ಎರಡು ಬೆರಳು ಹೋದವು ಅಂತ ಇಟ್ಟುಕೊಳ್ಳೋಣ. 14,000ದ ಶೇ. 60 ಅಂದರೆ 8,400. ಅದನ್ನು 207.98ರಿಂದ ಗುಣಿಸಿದರೆ 17,47,032. ಅದರ ಶೇ. 20 ಅಂದರೆ 3,49,406 ರೂಪಾಯಿ. ಇದೇ ಗಾಯಕ್ಕೆ "ಐವತ್ತು ಸಾವಿರ ತಗೋ, ನೌಕರಿನೂ ಇರ್ತೈತಿ" ಅಂತ ಮಾತು ಮುಗಿಸುವುದನ್ನು ಕೇಳಿದ್ದೇನೆ. ಯಾರಾದರೂ ಮೊತ್ತ ಹೇಳುವ ಮೊದಲು ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಈ ಲೆಕ್ಕ ನೀವೇ ಮಾಡಿ.

ಪಟ್ಟಿಯ ಶೇಕಡಾವೇ ಕೊನೆಯ ಮಾತೂ ಅಲ್ಲ. 1975ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಬಡಗಿಯ ಕೇಸ್ ನೋಡಿತು. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ ಅಂತ ವಕೀಲರೆಲ್ಲ ಅದನ್ನು ಹೇಳುತ್ತಾರೆ. ಕೆಲಸ ಮಾಡುವಾಗ ಬಿದ್ದು ಎಡಗೈಯನ್ನು ಮೊಣಕೈ ಮೇಲಿನಿಂದ ಕತ್ತರಿಸಬೇಕಾಯಿತು. ಒಂದು ಕೈಯಿಂದ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಅವರ ನಷ್ಟ ಶೇ. 100 ಅಂತ ಕೋರ್ಟ್ ಒಪ್ಪಿತು. ನೇಕಾರರಿಗೆ, ವೆಲ್ಡರ್‌ಗೆ, ಡ್ರೈವರ್‌ಗೆ ಇದು ಬಹಳ ಬೇಕಾದ ತೀರ್ಪು. ನೀವು ಮಾಡುತ್ತಿದ್ದ ಕೆಲಸವನ್ನು ಈ ಗಾಯ ಇಟ್ಟುಕೊಂಡು ಮುಂದೆ ಮಾಡಲು ಬರುತ್ತದೆಯೇ ಅನ್ನುವುದನ್ನು ಡಾಕ್ಟರ್ ಸರ್ಟಿಫಿಕೇಟ್‌ನಲ್ಲೂ ಅರ್ಜಿಯಲ್ಲೂ ಬಿಡಿಸಿ ಬರೆಸಿ.

ಗಾಯ ಮಾಯುವಂಥದ್ದಾಗಿದ್ದರೆ ಪ್ರತಿ ಹದಿನೈದು ದಿನಕ್ಕೆ ತಿಂಗಳ ಪಗಾರದ ಶೇ. 25 ಕೊಡಬೇಕು. 14,000ಕ್ಕೆ 3,500, ತಿಂಗಳಿಗೆ 7,000. ಹೀಗೆ ಹೆಚ್ಚೆಂದರೆ ಐದು ವರ್ಷ. 28 ದಿನ ಅಥವಾ ಜಾಸ್ತಿ ಮಲಗಿದರೆ ಮೊದಲ ದಿನದಿಂದಲೇ ಲೆಕ್ಕ, ಕಡಿಮೆ ಆದರೆ ಮೊದಲ ಮೂರು ದಿನ ಬಿಟ್ಟು.

ಆಸ್ಪತ್ರೆಯ ಖರ್ಚು ಬೇರೆ, ಪರಿಹಾರ ಬೇರೆ. "ಎಂಬತ್ತು ಸಾವಿರ ಬಿಲ್ ತುಂಬೀವಿ, ಅದರಾಗ ಹಿಡ್ಕೋತೀವಿ" ಅಂದರೆ ಒಪ್ಪಬೇಡಿ. ಚಿಕಿತ್ಸೆಗೆ ಕೊಟ್ಟ ಹಣವನ್ನು ಪರಿಹಾರದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಒಂದು ತಿಂಗಳೊಳಗೆ ಪರಿಹಾರ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ ಬೀಳುತ್ತದೆ. ಮೇಲಿನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 41,900 ರೂಪಾಯಿ ಆಯಿತು. ಕಾರಣವಿಲ್ಲದೆ ತಡ ಮಾಡಿದರೆ ಮೊತ್ತದ ಶೇ. 50ರವರೆಗೆ ದಂಡವನ್ನೂ ಹಾಕಬಹುದು.

ಸಹಿ ಹಾಕುವ ಮೊದಲು

ಸ್ಟಾಂಪ್ ಪೇಪರ್ ಮೇಲೆ "ನನಗೆ ಎಲ್ಲ ಮುಟ್ಟಿದೆ, ಮುಂದೆ ಕೇಳುವುದಿಲ್ಲ" ಅಂತ ಬರೆಸಿಕೊಳ್ಳುವುದು ನಮ್ಮ ಕಡೆ ಬಹಳ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ, ಕಡಿಮೆ ಮಾಡುವ ಒಪ್ಪಂದ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಈಗಾಗಲೇ ಸಹಿ ಹಾಕಿದ್ದೀರಾ? ಆದರೂ ಬನ್ನಿ, ಅರ್ಜಿ ಹಾಕಬಹುದು.

ಸಾವಿನ ವಿಷಯದಲ್ಲಿ ಇನ್ನೂ ಬಿಗಿ. ಪರಿಹಾರದ ಹಣವನ್ನು ಮಾಲಕರು ಪರಿಹಾರದ ಕೇಸ್ ನೋಡುವ ಅಧಿಕಾರಿಯ ಹತ್ತಿರ ಡಿಪಾಸಿಟ್ ಮಾಡಬೇಕು. ಹೆಂಡತಿ, ಮಕ್ಕಳು, ತಾಯಿ ಯಾರಿಗೆ ಎಷ್ಟು ಅಂತ ಅವರು ಹಂಚುತ್ತಾರೆ. ಮನೆಗೆ ಬಂದು ಹಿರಿಯರ ಕೈಯಲ್ಲಿ ಕೊಟ್ಟದ್ದು ಪರಿಹಾರ ಕೊಟ್ಟ ಹಾಗೆ ಆಗುವುದಿಲ್ಲ. ಈ ನಿಯಮ ನನಗೆ ಬಹಳ ಒಳ್ಳೆಯದು ಅನಿಸುತ್ತದೆ. ಮಣ್ಣು ಮಾಡಿ ಬಂದ ದಿನ ವಿಧವೆ ಏನೂ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ, ಹಣ ಮನೆಯ ಗಂಡಸರ ನಡುವೆ ಕರಗುತ್ತದೆ.

ಹೊರಗಿನಿಂದ ಬಂದವರಿಗೆ, ಹೊರಗೆ ಹೋದವರಿಗೆ ಒಂದು ಮಾತು. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ರಾಶಿ ಕುಸಿದು ಬಿಹಾರದ ಏಳು ಕೂಲಿಕಾರರು ಸತ್ತರು. ಅಂಥವರ ಮನೆಯವರು ಪ್ರತಿ ತಾರೀಖಿಗೆ ಇಲ್ಲಿಗೆ ಓಡಾಡಲು ಆಗುತ್ತದೆಯೇ? ಕಾನೂನು ಅದನ್ನು ಯೋಚಿಸಿದೆ. ಅಪಘಾತ ಆದ ಜಾಗದಲ್ಲೂ ಅರ್ಜಿ ಹಾಕಬಹುದು, ಗಾಯಾಳು ಅಥವಾ ಅವಲಂಬಿತರು ವಾಸಿಸುವ ಊರಿನಲ್ಲೂ ಹಾಕಬಹುದು. ಗೋವಾದ ಕಟ್ಟಡದಲ್ಲಿ ಬಿದ್ದ ಬಾದಾಮಿಯವರು, ಇಚಲಕರಂಜಿಯ ಮಗ್ಗದಲ್ಲಿ ಕೈ ಕಳೆದುಕೊಂಡ ಚಿಕ್ಕೋಡಿಯವರು ತಮ್ಮ ಕಡೆಯೇ ಕೇಳಬಹುದು.

ವಾಹನದ ಕೇಸ್ ಆದರೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗುವ ದಾರಿಯೂ ಇದೆ. ಎರಡರಲ್ಲಿ ಒಂದನ್ನೇ ಆರಿಸಬೇಕು. ಎದುರಿನ ವಾಹನದ ತಪ್ಪು ಸ್ಪಷ್ಟವಾಗಿದ್ದರೆ ಅಲ್ಲಿ ಮೊತ್ತ ಜಾಸ್ತಿ ಬರಬಹುದು. ಟ್ರ್ಯಾಕ್ಟರ್ ತಾನಾಗಿ ಪಲ್ಟಿಯಾಗಿ ಅದನ್ನು ಓಡಿಸುತ್ತಿದ್ದವರೇ ಸತ್ತಿದ್ದರೆ ನೌಕರರ ಪರಿಹಾರದ ದಾರಿಯೇ ಒಳ್ಳೆಯದು, ಯಾರ ತಪ್ಪು ಅಂತ ಕೇಳುವುದಿಲ್ಲ. ಇದನ್ನು ವಕೀಲರ ಜೊತೆ ಕೂತು ತೀರ್ಮಾನಿಸಿ.

ನಮ್ಮ ರಾಜ್ಯದಲ್ಲಿ ಹಳೇ ಕಾಯ್ದೆಯ ಕೇಸುಗಳು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ನಡೆಯುತ್ತಾ ಬಂದಿವೆ. ವಕೀಲರಿಗೆ ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, 15100 ನಂಬರಿಗೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಕಾರ್ಖಾನೆ ಕಾರ್ಮಿಕರಿಗೆ, ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಗೆದ್ದ ಮೇಲೆ ಮಾಲಕರು ಹೈಕೋರ್ಟ್‌ಗೆ ಹೋಗುತ್ತೇವೆ ಅಂದರೆ ಮೊದಲು ಪೂರ್ತಿ ಮೊತ್ತ ಡಿಪಾಸಿಟ್ ಮಾಡಬೇಕು. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ.

ನಮ್ಮ ಮನೆಗೆ ಬರುವವರಿಗೆ ನಾನು ತರಲು ಹೇಳುವುದು ಇಷ್ಟು: ಆಸ್ಪತ್ರೆಯ ಮೊದಲ ದಿನದ ಕೇಸ್ ಪೇಪರ್, ಡಿಸ್ಚಾರ್ಜ್ ಕಾರ್ಡ್, ಎಕ್ಸ್‌ರೇ, ಎಲ್ಲ ಬಿಲ್, ಬ್ಯಾಂಕ್ ಪಾಸ್‌ಬುಕ್, ಆ ಹೊತ್ತಿನ ಫೋನ್, ವಯಸ್ಸಿನ ದಾಖಲೆ. ವಯಸ್ಸಿನ ಮೇಲೆ ಗುಣಕ ನಿಂತಿರುವುದರಿಂದ ಆ ಕಾಗದಕ್ಕೆ ಬೆಲೆ ಜಾಸ್ತಿ. ಆಧಾರ್‌ನಲ್ಲಿ ಜನವರಿ 1 ಅಂತ ಅಂದಾಜಿನ ತಾರೀಖು ಇರುವವರು ಬಹಳ ಮಂದಿ. ಅಂಥವರು ಓದಿದ ಶಾಲೆಗೆ ಹೋಗಿ ದಾಖಲಾತಿ ಪುಸ್ತಕ ನೋಡಿ ಜನ್ಮ ತಾರೀಖಿನ ಪ್ರಮಾಣಪತ್ರ ತೆಗೆಸಿಕೊಂಡು ಬನ್ನಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರದ್ದೂ ಅಲ್ಲಿ ಸಿಗುತ್ತದೆ.